ಸಹಾಯ ಬೇಕು: ಅಲುಗಾಡುವ ವಿಡಿಯೊ ಸರಿ ಮಾಡೋಕೆ ಯಾವ ಸಾಫ್ಟ್‌ವೇರ್?

ನಮಸ್ಕಾರ. ಡೊಂಬಿವಲಿಯಿಂದ ಬರೆಯುತ್ತಿದ್ದೇನೆ. ಹೋದ ಭಾನುವಾರ ಮಾಟುಂಗಾದಲ್ಲಿ ಯಕ್ಷಗಾನ ಇತ್ತು. ಟ್ರೈಪಾಡ್ ಮನೆಯಲ್ಲೇ ಮರೆತಿದ್ದೆ. ಲೋಕಲ್ ಟ್ರೇನಿನ ನೂಕುನುಗ್ಗಲಲ್ಲಿ ಅದನ್ನು ತರುವುದೂ ಕಷ್ಟವೇ ಬಿಡಿ. 40 ನಿಮಿಷ ಫೋನನ್ನು ಕೈಯಲ್ಲೇ ಹಿಡಿದು ಶೂಟ್ ಮಾಡಿದೆ. ಈಗ ನೋಡಿದರೆ ವೇಷಕ್ಕಿಂತ ರಂಗಸ್ಥಳವೇ ಜಾಸ್ತಿ ಕುಣಿಯುತ್ತಿದೆ!

ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಷನ್‌ನಲ್ಲಿ ಸ್ಟೆಬಿಲೈಸ್ ಮಾಡಿದೆ. ನಡುಕವೇನೋ ಕಡಿಮೆಯಾಯಿತು. ಆದರೆ ಚಿತ್ರ ಝೂಮ್ ಆಗಿ ಕಿರೀಟದ ತುದಿಯೇ ಫ್ರೇಮ್‌ನಿಂದ ಹೊರಗೆ. ಝೂಮ್ ಟಿಕ್ ತೆಗೆದರೆ ಅಂಚಿನಲ್ಲಿ ಕಪ್ಪು ಪಟ್ಟಿ ಓಡಾಡುತ್ತದೆ. ಸ್ಟೆಬಿಲೈಸ್ ವಿಧಾನಗಳಲ್ಲಿ ಪರ್ಸ್ಪೆಕ್ಟಿವ್ ಬಿಟ್ಟು ಟ್ರಾನ್ಸ್‌ಲೇಷನ್ (ಚಿತ್ರವನ್ನು ಮೇಲೆ-ಕೆಳಗೆ, ಅಕ್ಕಪಕ್ಕ ಮಾತ್ರ ಸರಿಸುವುದು) ಹಾಕಿದಾಗ ಸ್ವಲ್ಪ ವಾಸಿ. ಆದರೂ ವೇಷಧಾರಿ ಧೀಂಗಣ (ಸುತ್ತುತ್ತಾ ಹಾರುವ ಕುಣಿತ) ಹಾಕುವಾಗ ನಾನೂ ಫೋನ್ ಸರಕ್ಕನೆ ತಿರುಗಿಸಿದ್ದೇನೆ. ಅಲ್ಲಿ ಹಿಂದಿನ ಪರದೆ ಜೆಲ್ಲಿ ತರಹ ವಾಲುತ್ತದೆ. ಇದು ರೋಲಿಂಗ್ ಶಟರ್ (ಕ್ಯಾಮೆರಾ ಚಿತ್ರವನ್ನು ಸಾಲುಸಾಲಾಗಿ ಓದುವುದು) ತೊಂದರೆ ಅಲ್ವಾ?

ಗೈರೋಫ್ಲೋ ಉಚಿತ, ಚೆನ್ನಾಗಿದೆ ಅಂದರು. ಆದರೆ ಅದಕ್ಕೆ ಶೂಟ್ ಮಾಡುವಾಗಲೇ ದಾಖಲಾದ ಗೈರೋ ಡೇಟಾ (ಕ್ಯಾಮೆರಾ ಹೇಗೆ ತಿರುಗಿತು ಎಂಬ ಸೆನ್ಸರ್ ಮಾಹಿತಿ) ಬೇಕು. ನಾನು ಫೋನಿನ ಮಾಮೂಲಿ ಕ್ಯಾಮೆರಾದಲ್ಲಿ ತೆಗೆದದ್ದು, ಅದೆಲ್ಲಿಂದ ತರಲಿ? ಅಡೋಬ್ ಪ್ರೀಮಿಯರ್‌ನ ವಾರ್ಪ್ ಸ್ಟೆಬಿಲೈಸರ್‌ಗೆ ತಿಂಗಳ ತಿಂಗಳ ಚಂದಾ. ಒಂದು ಯಕ್ಷಗಾನದ ಆಟಕ್ಕೋಸ್ಕರ ಸುಮ್ನೆ ದುಡ್ಡು ಹಾಕಲು ಮನಸ್ಸಿಲ್ಲ.

ನನ್ನದು 8 ಜಿಬಿ ರ‍್ಯಾಮ್‌ನ ವಿಂಡೋಸ್ ಲ್ಯಾಪ್‌ಟಾಪ್. ಉಚಿತ ಎಡಿಟರ್ ಕೆಡೆನ್‌ಲೈವ್‌ನಲ್ಲಿ ಯಾರಾದರೂ ಈ ಕೆಲಸ ಮಾಡಿದ್ದೀರಾ? ಉದ್ದದ ಕ್ಲಿಪ್ಪನ್ನು ತುಂಡು ಮಾಡಿಕೊಂಡು ಸ್ಟೆಬಿಲೈಸ್ ಮಾಡಬೇಕೋ, ಒಟ್ಟಿಗೇ ಬಿಡಬಹುದೋ? ಭಾಗವತರ ಹಾಡಿಗೂ ಹೆಜ್ಜೆಗೂ ತಾಳ ತಪ್ಪಬಾರದು, ಅಷ್ಟೇ. ಬೇಕಿದ್ದರೆ 20 ಸೆಕೆಂಡಿನ ತುಣುಕು ಕಳಿಸುತ್ತೇನೆ.