ವೋಲ್ಟ್ ಟೈಫೂನ್ ಥರದವರು ಒಳಗಿದ್ದರೆ ಲಾಗ್‌ನಲ್ಲಿ ಮೊದಲು ಏನು ನೋಡಬೇಕು?

ಪ್ರಶ್ನೆ
ಚೀನಾ ಸರ್ಕಾರದ ಬೆಂಬಲ ಇದೆ ಅಂತ ಅಮೆರಿಕ ಹೇಳುವ ಈ ಹ್ಯಾಕರ್ ಗುಂಪು ಮಾಲ್‌ವೇರ್ ತರುವುದೇ ಅಪರೂಪ, ವಿಂಡೋಸ್‌ನಲ್ಲಿ ಇರುವ ಟೂಲ್‌ಗಳಲ್ಲೇ ಕೆಲಸ ಮುಗಿಸುತ್ತೆ. ಆಂಟಿವೈರಸ್ ಕಣ್ಣಿಗೆ ಬೀಳಲ್ಲ ಅಂದಮೇಲೆ ಹುಡುಕೋದು ಎಲ್ಲಿಂದ? ನಮ್ಮ ಜಾಲದಲ್ಲಿ ಎರಡು ಡೊಮೇನ್ ಕಂಟ್ರೋಲರ್ (ಎಲ್ಲರ ಲಾಗಿನ್ ಪರಿಶೀಲಿಸುವ ಸರ್ವರ್), 400 ಪಿಸಿ. ಹೊರದೇಶದ ಐಪಿಗಳನ್ನೆಲ್ಲ ಫೈರ್‌ವಾಲ್‌ನಲ್ಲಿ ತಡೆದರೆ ಸಾಕಾ?

ಉತ್ತರ 1
ಡೊಮೇನ್ ಕಂಟ್ರೋಲರ್‌ನಿಂದ ಶುರು ಮಾಡಿ. ಅವರ ಕಣ್ಣಿರುವುದು ಎನ್‌ಟಿಡಿಎಸ್.ಡಿಐಟಿ ಫೈಲ್ ಮೇಲೆ, ಇಡೀ ಡೊಮೇನ್‌ನ ಪಾಸ್‌ವರ್ಡ್ ಹ್ಯಾಶ್‌ಗಳು (ಪಾಸ್‌ವರ್ಡ್‌ನ ಗುಪ್ತ ರೂಪ) ಇರುವುದು ಅದರಲ್ಲೇ. ಸರ್ವರ್ ಓಡುತ್ತಿರುವಾಗ ಅದು ಲಾಕ್ ಆಗಿರುತ್ತೆ, ನೇರವಾಗಿ ಕಾಪಿ ಆಗಲ್ಲ. ಅದಕ್ಕೇ ಶ್ಯಾಡೋ ಕಾಪಿ (ಡಿಸ್ಕ್‌ನ ಆ ಕ್ಷಣದ ನಕಲು) ಮಾಡ್ತಾರೆ, ಇಲ್ಲವೇ ವಿಂಡೋಸ್‌ನದೇ ಟೂಲ್ ಆದ ಎನ್‌ಟಿಡಿಎಸ್‌ಯುಟಿಲ್‌ನ ಐಎಫ್‌ಎಂ ಆಯ್ಕೆ ಬಳಸಿ ಟೆಂಪ್ ಫೋಲ್ಡರ್‌ಗೆ ಪ್ರತಿ ಇಳಿಸಿಕೊಳ್ತಾರೆ.

ಅಪ್ಲಿಕೇಶನ್ ಲಾಗ್‌ನಲ್ಲಿ ಇಎಸ್‌ಇಎನ್‌ಟಿ (ಆ ಫೈಲ್ ನಡೆಸುವ ಡೇಟಾಬೇಸ್ ಎಂಜಿನ್) ಹೆಸರಿನಡಿ 216, 325, 326, 327 ಈವೆಂಟ್ ಹುಡುಕಿ. ಬ್ಯಾಕಪ್ ಸಾಫ್ಟ್‌ವೇರ್ ಓಡಿದಾಗಲೂ ಇವು ಬರಬಹುದು, ಹಾಗಾಗಿ ಸಂಖ್ಯೆ ಕಂಡ ಕೂಡಲೇ ಗಾಬರಿ ಬೇಡ. ಫೈಲ್‌ನ ಪಾತ್ ನೋಡಿ, ಬ್ಯಾಕಪ್ ಸಮಯದ ಜೊತೆ ತಾಳೆ ಹಾಕಿ.

ಪ್ರೋಗ್ರಾಂ ಶುರುವಾದದ್ದನ್ನು ದಾಖಲಿಸುವ 4688 ಈವೆಂಟ್ ಆನ್ ಮಾಡಿದರಷ್ಟೇ ಸಾಲದು. ಯಾವ ಪ್ರೋಗ್ರಾಂ ಓಡಿತು ಅಂತ ಮಾತ್ರ ಬರುತ್ತೆ, ಅದಕ್ಕೆ ಕೊಟ್ಟ ಕಮಾಂಡ್ ಬರಲ್ಲ. ಗ್ರೂಪ್ ಪಾಲಿಸಿಯಲ್ಲಿ ಕಮಾಂಡ್ ಲೈನ್ ಸೇರಿಸುವ ಆಯ್ಕೆ ಬೇರೆಯೇ ಇದೆ, ಬಹಳ ಕಡೆ ಬಿಟ್ಟುಹೋಗುವುದು ಇದೇ.

ಉತ್ತರ 2
ದೇಶ ನೋಡಿ ಐಪಿ ತಡೆಯುವುದು ಈ ಗುಂಪಿನ ಮುಂದೆ ನಡೆಯಲ್ಲ. ಅಮೆರಿಕದಲ್ಲೇ ಮನೆ, ಅಂಗಡಿಗಳಲ್ಲಿದ್ದ ಹಳೇ ಸಿಸ್ಕೋ, ನೆಟ್‌ಗಿಯರ್ ರೌಟರ್‌ಗಳಿಗೆ ಕೆವಿ ಬಾಟ್‌ನೆಟ್ (ಯಂತ್ರಗಳನ್ನು ದೂರದಿಂದ ಆಡಿಸುವ ಮಾಲ್‌ವೇರ್) ಹೊಕ್ಕಿಸಿ ಅವುಗಳ ಮೂಲಕ ಬರುತ್ತಿದ್ದರು. ಕೋರ್ಟ್ ಅನುಮತಿ ಪಡೆದು ಅದನ್ನು ಕಿತ್ತುಹಾಕಿದ್ದನ್ನು ಅಮೆರಿಕ 2024ರ ಜನವರಿಯಲ್ಲಿ ಪ್ರಕಟಿಸಿತು. ಲಾಗಿನ್ ಆದದ್ದು ಸ್ಥಳೀಯ ಐಪಿಯಿಂದ ಅನ್ನೋದು ಸಮಾಧಾನದ ವಿಷಯ ಅಲ್ಲ.

ಇನ್ನೊಂದು, ಪ್ರತಿ ಸರ್ವರ್‌ನಲ್ಲೂ ನೆಟ್‌ಎಸ್‌ಎಚ್ (ವಿಂಡೋಸ್‌ನ ನೆಟ್‌ವರ್ಕ್ ಟೂಲ್) ಬಳಸಿ ಪೋರ್ಟ್‌ಪ್ರಾಕ್ಸಿ ಪಟ್ಟಿ ತೆಗೆದು ನೋಡಿ, ಒಂದು ಪೋರ್ಟ್‌ಗೆ ಬಂದದ್ದನ್ನು ಬೇರೆ ಯಂತ್ರಕ್ಕೆ ದಾಟಿಸುವ ಸೆಟ್ಟಿಂಗ್ ಅದು. ಸಾಮಾನ್ಯವಾಗಿ ಅದು ಖಾಲಿ ಇರಬೇಕು. ಒಂದು ಸಾಲು ಕಂಡರೂ ಯಾರು, ಯಾಕೆ ಹಾಕಿದ್ದು ಅಂತ ಕೇಳಿ. ರೀಬೂಟ್ ಮಾಡಿದರೂ ಅದು ಅಳಿಯಲ್ಲ, ರಿಜಿಸ್ಟ್ರಿಯಲ್ಲಿ ಉಳಿಯುತ್ತೆ.

ಉತ್ತರ 3
ಲಾಗ್ ಎಷ್ಟು ದಿನದ್ದಿದೆ ಅನ್ನೋದೂ ಮುಖ್ಯ. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸಿಇಆರ್‌ಟಿ-ಇನ್‌ನ 2022ರ ನಿರ್ದೇಶನದಲ್ಲಿರುವುದು 180 ದಿನ (ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು ಅನ್ನೋದೂ ಅದರಲ್ಲೇ ಇದೆ). ಈ ಗುಂಪು ಕೆಲವು ಕಡೆ ಕನಿಷ್ಠ 5 ವರ್ಷ ಒಳಗೇ ಕೂತಿತ್ತು ಅಂತ ಅಮೆರಿಕದ ಸಂಸ್ಥೆಗಳು 2024ರ ಫೆಬ್ರವರಿಯಲ್ಲಿ ಹೇಳಿವೆ. ಡೊಮೇನ್ ಕಂಟ್ರೋಲರ್ ಮತ್ತು ವಿಪಿಎನ್ ಲಾಗ್‌ಗಳನ್ನಾದರೂ ಹೆಚ್ಚು ಕಾಲ, ಬೇರೆ ಯಂತ್ರದಲ್ಲಿ ಇಡಿ. ಅಲ್ಲೇ ಬಿಟ್ಟರೆ ಅಳಿಸಿಬಿಡ್ತಾರೆ, ಸೆಕ್ಯುರಿಟಿ ಲಾಗ್‌ನಲ್ಲಿ ಉಳಿಯುವುದು ಲಾಗ್ ಅಳಿಸಲಾಗಿದೆ ಅನ್ನುವ 1102 ಈವೆಂಟ್ ಒಂದೇ.

ಪ್ರಶ್ನೆ ಕೇಳಿದವರು
ಎನ್‌ಟಿಡಿಎಸ್.ಡಿಐಟಿ ಫೈಲ್‌ನ ಪ್ರತಿ ಕದ್ದಿದ್ದಾರೆ ಅಂತ ಖಾತ್ರಿಯಾದರೆ? ಡೊಮೇನ್‌ನ ಲಾಗಿನ್ ಟಿಕೆಟ್‌ಗಳಿಗೆ ಸಹಿ ಹಾಕುವ ಕೆಆರ್‌ಬಿಟಿಜಿಟಿ ಖಾತೆಯ ಪಾಸ್‌ವರ್ಡ್ ಆಗಲೇ ಬದಲಿಸಬೇಕಾ?

ಉತ್ತರ 1
ಮೊದಲು ಅವರು ಬಂದ ದಾರಿ ಮುಚ್ಚಿ, ಹೆಚ್ಚಾಗಿ ಅದು ಪ್ಯಾಚ್ ಆಗದ ವಿಪಿಎನ್ ಅಥವಾ ಫೈರ್‌ವಾಲ್ ಆಗಿರುತ್ತೆ. ಅದು ತೆರೆದೇ ಇದ್ದರೆ ಹೊಸ ಹ್ಯಾಶನ್ನೂ ಒಯ್ಯುತ್ತಾರೆ. ಆಮೇಲೆ ಎರಡು ಸಲ ಬದಲಿಸಿ, ಹಿಂದಿನ ಪಾಸ್‌ವರ್ಡನ್ನೂ ಡೊಮೇನ್ ನೆನಪಿನಲ್ಲಿ ಇಟ್ಟುಕೊಂಡು ಒಪ್ಪುವುದರಿಂದ ಒಂದು ಸಲ ಸಾಲದು. ಎರಡರ ನಡುವೆ ಟಿಕೆಟ್ ಅವಧಿಗಿಂತ, ಅಂದರೆ ಡೀಫಾಲ್ಟ್ 10 ಗಂಟೆಗಿಂತ, ಹೆಚ್ಚು ಬಿಡಿ. ಮೊದಲ ಬದಲಾವಣೆ ಎರಡೂ ಕಂಟ್ರೋಲರ್‌ಗೆ ರೆಪ್ಲಿಕೇಟ್ ಆಗಿದೆಯಾ (ತಲುಪಿದೆಯಾ) ನೋಡಿಕೊಂಡೇ ಎರಡನೆಯದಕ್ಕೆ ಕೈ ಹಾಕಿ, ಇಲ್ಲದಿದ್ದರೆ ಸರ್ವೀಸ್‌ಗಳ ಲಾಗಿನ್ ಒಂದೊಂದಾಗಿ ಬಿದ್ದುಹೋಗುತ್ತೆ.