ಸಹಾಯ ಬೇಕು: ವಾಟ್ಸಾಪ್ ಗ್ರೂಪಿನ ಚಾಟ್ ಸಂಶೋಧನೆಗೆ ಬಳಸಬಹುದಾ?

ಎಲ್ಲರಿಗೂ ನಮಸ್ಕಾರ. ರಾಜಕೀಯ ಸಂವಹನದ ಮೇಲೆ ಪಿಎಚ್‌ಡಿ ಮಾಡುತ್ತಿದ್ದೇನೆ. 2023ರ ವಿಧಾನಸಭಾ ಚುನಾವಣೆ ಹೊತ್ತಿಗೆ ಸೋಷಿಯಲ್ ಮೀಡಿಯಾದಲ್ಲಿ ಓಡಾಡಿದ ಕನ್ನಡ ಪೋಸ್ಟ್‌ಗಳೇ ನನ್ನ ವಿಷಯ. ಪೇಸಿಎಂ ಪೋಸ್ಟರ್, ನಂದಿನಿ-ಅಮುಲ್ ಗಲಾಟೆ, ಗ್ಯಾರಂಟಿ ಕಾರ್ಡ್, ಎಲ್ಲ ನಿಮಗೂ ನೆನಪಿರುತ್ತದೆ ಅಲ್ವಾ?

ಫೇಸ್‌ಬುಕ್ ಪೋಸ್ಟ್ ಹುಡುಕಲು ನೆಚ್ಚಿಕೊಂಡಿದ್ದ ಕ್ರೌಡ್‌ಟ್ಯಾಂಗಲ್ ಅನ್ನೋ ಟೂಲ್ 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಟ್ವಿಟರ್ ಸಂಶೋಧಕರಿಗೆ ಉಚಿತವಾಗಿ ಕೊಡುತ್ತಿದ್ದ ಡೇಟಾ 2023ರಲ್ಲೇ ನಿಂತುಹೋಗಿತ್ತು. ಮೆಟಾ ಆ್ಯಡ್ ಲೈಬ್ರರಿ ಜಾಲಾಡಿದೆ, ಅಲ್ಲಿ ಸಿಗುವುದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು ಮಾತ್ರ. ಜನ ತಾವೇ ಮಾಡಿ ಹಂಚಿದ್ದು ನನಗೆ ಬೇಕು.

ಈಗ ಪರಿಚಯದ ಕಾರ್ಯಕರ್ತರೊಬ್ಬರು ತಮ್ಮ ಬೂತ್ ಗ್ರೂಪಿನ ಚಾಟ್ ಎಕ್ಸ್‌ಪೋರ್ಟ್ ಮಾಡಿ ಕೊಟ್ಟಿದ್ದಾರೆ. ಶುಭೋದಯದ ಹೂವಿನ ಚಿತ್ರದ ಮೂಲೆಯಲ್ಲಿ ಅಭ್ಯರ್ಥಿಯ ಫೋಟೋ, ಅದರ ಕೆಳಗೆ ಊರಿನ ಕುಡಿಯುವ ನೀರಿನ ಬಗ್ಗೆ ಒಬ್ಬರ ವಾಯ್ಸ್ ಮೆಸೇಜು, ಇಂಥದ್ದು ಬೇರೆಲ್ಲೂ ಸಿಗಲ್ಲ. ಆದರೆ ಉಳಿದ ಸದಸ್ಯರ ಹೆಸರು, ನಂಬರ್ ಎಲ್ಲ ಅದರಲ್ಲಿದೆ. ಅವರನ್ನು ಯಾರೂ ಕೇಳಿಲ್ಲ, ಇದೇ ನನಗೆ ಕಾಡುತ್ತಿರುವುದು. ಹೆಸರು, ನಂಬರ್ ತೆಗೆದರೆ ಸಾಕು ಅನ್ನುತ್ತಾರೆ ಗೈಡ್. ಎಥಿಕ್ಸ್ ಕಮಿಟಿ ಪ್ರತಿಯೊಬ್ಬರ ಸಹಿ ಕೇಳುತ್ತಿದೆ. 2023ರ ಡೇಟಾ ರಕ್ಷಣೆ ಕಾಯ್ದೆಯಲ್ಲಿ ಸಂಶೋಧನೆಗೆ ಷರತ್ತಿನ ವಿನಾಯಿತಿ ಇದೆ ಅಂತ ತೋರಿಸಿದೆ, ಒಪ್ಪಲಿಲ್ಲ. ಅರ್ಧ ಜನ ಗ್ರೂಪ್ ಬಿಟ್ಟೇ ಹೋಗಿದ್ದಾರೆ, ಸಹಿ ಎಲ್ಲಿಂದ ತರಲಿ?

ವಾಟ್ಸಾಪ್ ಮೇಲೆ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಸದಸ್ಯರ ಸ್ವಂತ ಮಾತು ಬಿಟ್ಟು ಬರೀ ಫಾರ್ವರ್ಡ್ ಚಿತ್ರಗಳನ್ನು ಬಳಸಿದರೆ ಅಡ್ಮಿನ್ ಒಪ್ಪಿಗೆ ಒಂದೇ ಸಾಕಾಗುತ್ತದಾ? ನಿಮ್ಮ ಕಮಿಟಿ ಇದನ್ನು ಒಪ್ಪಿತ್ತಾ?