ಪದಚರ್ಚೆ: ಒಪೇರಾ ಮಂದಿರದ ‘ಬಾಕ್ಸ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಪ್ಯಾರಿಸ್ಸಿನ ಪಾಲೆ ಗಾರ್ನಿಯೆ, ಅಂದರೆ ಅಲ್ಲಿನ ಹಳೇ ಒಪೇರಾ ಹೌಸ್ ನೋಡಿಬಂದು ಒಂದು ಪ್ರವಾಸ ಲೇಖನ ಬರೆಯುತ್ತಿದ್ದೇನೆ. (ಬೆಂಗಳೂರಿನವರಿಗೆ ಒಪೇರಾ ಹೌಸ್ ಅಂದ ಕೂಡಲೆ ಬ್ರಿಗೇಡ್ ರಸ್ತೆ, ರೆಸಿಡೆನ್ಸಿ ರಸ್ತೆ ಕೂಡುವ ಮೂಲೆ ಕಣ್ಣಿಗೆ ಬರುತ್ತದೆ. ಅದಲ್ಲ.) ‘ಒಪೇರಾ’ಕ್ಕೆ ಕಷ್ಟವಿಲ್ಲ, ಪುತಿನ ಅವರ ‘ಗೋಕುಲ ನಿರ್ಗಮನ’ದಂಥವುಗಳಿಂದ ‘ಗೀತನಾಟಕ’ ನಮ್ಮ ಕಿವಿಗೆ ಒಗ್ಗಿದೆ. ಕಟ್ಟಡಕ್ಕೆ ‘ರಂಗಮಂದಿರ’ ಸಾಕು. ಪೇಚಿಗೆ ಸಿಕ್ಕಿಸಿರುವುದು ‘ಬಾಕ್ಸ್’, ಅಂದರೆ ಸಭಾಂಗಣದ ಸುತ್ತ ಸಾಲಾಗಿರುವ, ಕೆಲವೇ ಪ್ರೇಕ್ಷಕರು ಕೂತು ನೋಡುವ ಪುಟ್ಟ ಕೋಣೆ. ‘ಶ್ರೀಮಂತ ಹೆಂಗಸರು ಪೆಟ್ಟಿಗೆಗಳಲ್ಲಿ ಕೂತಿದ್ದರು’ ಎಂದು ಬರೆದು ಓದಿಕೊಂಡೆ, ನನಗೇ ಶವಪೆಟ್ಟಿಗೆ ಕಂಡಿತು.

ವಸ್ತು ಹೇಗಿದೆ ಅಂತ ಮೊದಲು ಹೇಳಿಬಿಡುತ್ತೇನೆ. ಹಗಲು ಹೊತ್ತು ಟಿಕೆಟ್ ಕೊಂಡು ಹೋದವರಿಗೆ ಅಮೃತಶಿಲೆಯ ದೊಡ್ಡ ಮೆಟ್ಟಿಲಾದ ಮೇಲೆ ಒಂದು ಬಾಕ್ಸಿನೊಳಗೆ ನಿಂತು ಸಭಾಂಗಣ ನೋಡಲು ಬಿಡುತ್ತಾರೆ. ಬಾಗಿಲ ಮೇಲೆ ಅಂಕಿ. ಬಾಗಿಲಲ್ಲೇ ಹಡಗಿನ ಕಿಟಕಿಯಂಥ ದುಂಡು ಗಾಜು. ಒಳಗೆ ಕಾಲಿಟ್ಟರೆ ಎದುರಾಗುವುದು ಕುರ್ಚಿಗಳಲ್ಲ. ಮೊದಲು ಒಬ್ಬರು ಮೈಮುರಿಯಬಹುದಾದಷ್ಟು ಜಾಗ, ಕೆಂಪು ಬಟ್ಟೆ ಹೊದಿಸಿದ ಗೋಡೆ, ಒರಗು ಬೆಂಚು, ಕನ್ನಡಿ, ಕೋಟು ನೇತುಹಾಕುವ ಗೂಟ. ಅದನ್ನು ದಾಟಿದರೆ ನೆಲಕ್ಕೆ ಬಿಗಿಯದ ಬಿಡಿ ಕುರ್ಚಿಗಳು, ಮಖಮಲ್ಲು ಹೊದೆಸಿದ ಮೋಟುಗೋಡೆ. ಅದರಾಚೆ ಬಯಲು: ಸುಮಾರು 7 ಟನ್ ತೂಗುವ ದೀಪಗುಚ್ಛ, ಅದರ ಸುತ್ತ 1964ರಲ್ಲಿ ಉದ್ಘಾಟನೆಯಾದ, ಕಲಾವಿದ ಮಾರ್ಕ್ ಶಗಾಲ್ ಚಿತ್ರಗಳ ಚಾವಣಿ.

ಸಭಾಂಗಣ ಕುದುರೆ ಲಾಳದ ಆಕಾರದ್ದು. ಹಾಗಾಗಿ ಪಕ್ಕದ ಬಾಕ್ಸುಗಳಲ್ಲಿ ಹಿಂದೆ ಕೂತವರು ರಂಗ ನೋಡಬೇಕಾದರೆ ಕತ್ತು ಕೊಕ್ಕರೆಯಾಗಬೇಕು. ಎದುರು ಸಾಲಿನ ಬಾಕ್ಸಿನಲ್ಲಿ ಯಾರು ಯಾವ ಒಡವೆ ತೊಟ್ಟಿದ್ದಾರೆ ಎಂಬುದು ಮಾತ್ರ ಸಲೀಸಾಗಿ ಕಾಣುತ್ತದೆ. 1875ರ ಜನವರಿ 5ರಂದು ಬಾಗಿಲು ತೆರೆದ ಕಾಲಕ್ಕೆ ಅದೇ ಮುಖ್ಯವಾಗಿತ್ತು. ವಾರದ ಇಂಥ ದಿನ ಈ ಬಾಕ್ಸ್ ಇಂಥ ಮನೆತನದ್ದು ಎಂದು ಪ್ರದರ್ಶನಗಳ ಇಡೀ ಋತುವಿಗೆ ಹಿಡಿದಿಡುತ್ತಿದ್ದರು. ಅಂಥ ಚಂದಾದಾರರ ಗಾಡಿ ಬಂದು ನಿಲ್ಲಲು ಪೂರ್ವಕ್ಕೆ ಬೇರೆಯೇ ಬಾಗಿಲು. ಪಶ್ಚಿಮಕ್ಕೆ ಚಕ್ರವರ್ತಿಯ ಗಾಡಿ ಏರಿಬರಲೆಂದು ಇಳಿಜಾರು ಕಟ್ಟಿದರು, ಆದರೆ ಮೂರನೇ ನೆಪೋಲಿಯನ್ 1873ರಲ್ಲೇ ತೀರಿಕೊಂಡ. ಬಿಡುವಿನಲ್ಲಿ ಒಂದು ಬಾಕ್ಸಿನವರು ಇನ್ನೊಂದಕ್ಕೆ ಹೋಗಿ ಕುಶಲ ಕೇಳಿ ಬರುತ್ತಿದ್ದರು. ಅಂದರೆ ಇದು ಬರೀ ಸೀಟಲ್ಲ.

ಇನ್ನು ನನ್ನ ಪೆದ್ದುತನ. ಫ್ರೆಂಚಿನಲ್ಲಿ ಇದಕ್ಕೆ ‘ಲೋಜ್’. ಅಲ್ಲಿಂದ ತಂದ ಕಿರುಹೊತ್ತಗೆಯಲ್ಲಿ, ಹಾಡು ಮುಗಿದ ಮೇಲೆ ಗಾಯಕಿ ತನ್ನ ‘ಲೋಜ್’ಗೆ ಹೋದಳು ಎಂದಿತ್ತು. ನಾನು ಆಕೆಯನ್ನು ಪ್ರೇಕ್ಷಕರ ನಡುವೆ ಮಹಡಿಯಲ್ಲಿ ಕೂರಿಸಿಬಿಟ್ಟೆ. ಆಮೇಲೆ ಫ್ರೆಂಚ್ ಬಲ್ಲ ಗೆಳತಿ ಹೇಳಿದಳು, ನಟನಟಿಯರು ಬಣ್ಣ ಹಚ್ಚುವ ಕೋಣೆಯೂ ‘ಲೋಜ್’, ಕಟ್ಟಡದ ಕಾವಲಿನವರ ಕೋಣೆಯೂ ‘ಲೋಜ್’. ಆ ಮೊದಲನೆಯದಕ್ಕೆ ನಮ್ಮ ಯಕ್ಷಗಾನದ ‘ಚೌಕಿ’ ಅಳತೆ ತೆಗೆದು ಹೊಲಿದ ಹಾಗಿದೆ, ಅದನ್ನೇ ಹಾಕಿದ್ದೇನೆ. ಬೇರಿಗೆ ಹೋದರೆ ‘ಲೋಜ್’ ಎಂದರೆ ಎಲೆಸೊಪ್ಪಿನ ಮರೆ, ಚಪ್ಪರ. ಇಂಗ್ಲಿಷಿನ ‘ಲಾಡ್ಜ್’ ಕೂಡ ಅದೇ ಬಳ್ಳಿಯದು. ಹಾಗೆ ನೋಡಿದರೆ ನಮ್ಮ ಮೆಜೆಸ್ಟಿಕ್ಕಿನ ಬೋರ್ಡಿಂಗ್ ಅಂಡ್ ಲಾಡ್ಜಿಂಗ್ ಬೋರ್ಡುಗಳೂ ಈ ಚಿನ್ನದ ಲೇಪದ ಬಾಕ್ಸುಗಳೂ ದಾಯಾದಿಗಳು!

ನಾನು ತೂಗಿ ನೋಡಿದ ಪದಗಳು ಇವು. ‘ಗೂಡು’ ಕಣ್ಣಿಗೆ ಸರಿ, ಸಭಾಂಗಣದ ನಡುವಿನಿಂದ ನೋಡಿದರೆ ಪಾರಿವಾಳದ ಗೂಡುಗಳ ಸಾಲೇ. ಆದರೆ ಗೂಡಂಗಡಿ ನೆನಪಾಗಿ ದೊಡ್ಡಸ್ತಿಕೆ ಇಳಿದುಹೋಗುತ್ತದೆ. ‘ಮಾಡ’ ಅಂದರೆ ಮಹಡಿಮನೆ, ಹಳಗನ್ನಡದ ಗತ್ತಿನ ಪದ, ‘ಕರುಮಾಡ’ದ ಮಾಡ. ತುಳುನಾಡಿನವರಿಗೆ ಅದು ದೈವದ ಮನೆ. ತಮಾಷೆಯೆಂದರೆ ಇಲ್ಲಿನ 5ನೇ ಬಾಕ್ಸಿನ ಬಾಗಿಲಿಗೆ ಕಾದಂಬರಿಯೊಂದರ ಭೂತದ ಹೆಸರಿನ ಫಲಕ ಹಾಕಿದ್ದಾರೆ, ಅದರ ಮುಂದೆ ಫೋಟೋಕ್ಕೆ ನೂಕುನುಗ್ಗಲು. ಅದೊಂದಕ್ಕಾದರೂ ‘ಮಾಡ’ ಹೊಂದುತ್ತಿತ್ತು.

‘ಅಂಕಣ’ದ ಮೇಲೆ ನನಗೆ ಮನಸ್ಸಿದೆ. ಕಂಬಗಳ ನಡುವಿನ ಜಾಗ ಅಂಕಣ, ‘ಮೂರಂಕಣದ ಮನೆ’ ಎನ್ನುತ್ತೇವೆ, ನವರಂಗದ ಒಂಬತ್ತು ಅಂಕಣ ಎನ್ನುತ್ತೇವೆ. ಈ ಬಾಕ್ಸುಗಳನ್ನೂ ಕಂಬಗಳೇ ವಿಂಗಡಿಸುತ್ತವೆ. ತೊಡಕು ಇಷ್ಟೇ: ‘ಆತನ ಅಂಕಣ’ ಅಂದರೆ ಇವತ್ತಿನ ಓದುಗ ಪತ್ರಿಕೆ ಬಿಡಿಸುತ್ತಾನೆ.

ಉಳಿದದ್ದು ‘ಮನೆ’. ನಗಬೇಡಿ. ಚೌಕಾಬಾರದಲ್ಲಿ ಕಾಯಿ ಕೂರುವುದು ಮನೆಯಲ್ಲಿ, ಜಾತಕದಲ್ಲಿ ಗ್ರಹ ಕೂರುವುದೂ ಮನೆಯಲ್ಲಿ. ಸಾಲಾಗಿ ಜೋಡಿಸಿದ ಖಾನೆಗೆ ‘ಮನೆ’ ಅನ್ನುವುದು ನಮಗೆ ಹೊಸದಲ್ಲ. ಬಾಗಿಲು, ಕನ್ನಡಿ, ಕೋಟಿನ ಗೂಟ, ಬಂದುಹೋಗುವ ನೆಂಟರು, ಎಲ್ಲ ಇರುವ ಇದು ಮನೆಯಲ್ಲದೆ ಮತ್ತೇನು? ‘12ನೇ ಮನೆಯಲ್ಲಿ ಕೂತು ನೋಡಿದೆವು’ ಎಂಬ ವಾಕ್ಯ ಮಾತ್ರ ಜ್ಯೋತಿಷ್ಯದ ಹಾಗೆ ಕೇಳಿಸುತ್ತದೆ, ಅದಕ್ಕೇ ಕೈ ತಡೆದಿದೆ.

ಇದರ ಜೊತೆಗೇ ಇನ್ನೊಂದು ಸಣ್ಣದು. ತೀರ ಮೇಲಿನ, ತೀರ ಅಗ್ಗದ ಸಾಲಿಗೆ ಫ್ರೆಂಚ್ ನಾಟಕದವರು ‘ಸ್ವರ್ಗ’ ಎನ್ನುತ್ತಾರೆ, ‘ಕೋಳಿಗೂಡು’ ಎಂದೂ ಎನ್ನುತ್ತಾರೆ. ನಮ್ಮ ಸಿನಿಮಾ ಟಾಕೀಸಿನ ‘ಗಾಂಧಿ ಕ್ಲಾಸ್’ ಹಾಕೋಣವೆಂದರೆ ಅದು ಪರದೆಯ ಮೂಗಿನ ಕೆಳಗೆ, ನೆಲದ ಮೇಲೆ. ಬಡವ ಅಲ್ಲಿ ಅಟ್ಟಕ್ಕೇರಿದ್ದಾನೆ, ಇಲ್ಲಿ ಮುಂದಕ್ಕೆ ಬಂದಿದ್ದಾನೆ. ಸದ್ಯಕ್ಕೆ ‘ಅಟ್ಟದ ಸಾಲು’ ಎಂದಿಟ್ಟಿದ್ದೇನೆ.

ಕಂಪನಿ ನಾಟಕಗಳ ಒಡನಾಟ ಇದ್ದವರಲ್ಲಿ ನನ್ನ ಪ್ರಶ್ನೆ: ಊರಿನ ಸಾಹುಕಾರರಿಗೋ ಅಮಲ್ದಾರರಿಗೋ ಮರೆಕಟ್ಟಿ ಬೇರೆ ಜಾಗ ಬಿಡುತ್ತಿದ್ದರಲ್ಲ, ಅದನ್ನು ಗೇಟಿನಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದವರು ಏನೆಂದು ಕೂಗುತ್ತಿದ್ದರು? ಮೈಸೂರು ಕಡೆಯದು, ಹುಬ್ಬಳ್ಳಿ ಕಡೆಯದು ಬೇರೆ ಬೇರೆ ಇದ್ದರೆ ಎರಡನ್ನೂ ತಿಳಿಸಿ.